ಕಡಕೊಳದ ಜನವರಿ ಮಳೆ

ಕಡಕೊಳದಲ್ಲಿ ಮಳೆ ಅಳೆಯುವ ನಿವೃತ್ತ ಹೆಡ್‌ಮಾಸ್ಟರೊಬ್ಬರು ಅಂಕಿಗಳನ್ನು ಮನೆಯಲ್ಲಿ ಕೂತು ಕಟ್ಟಿ ಬರೆಯುತ್ತಾರೆ ಎಂದು ನಾನು ಒಂದು ಸೋಮವಾರ ಅರ್ಧ ಗಂಟೆ ವಾದ ಮಾಡಿ ಗೆದ್ದೆ. ಅವರು ಹಾಗೆ ಮಾಡಿರಲಿಲ್ಲ. ಗೆದ್ದದ್ದು ಮಾತ್ರ ನಿಜ.

ಇದು ನಡೆದು ಎರಡು ವರ್ಷವೂ ಆಗಿಲ್ಲ. ಆದ್ದರಿಂದ ನೆನಪು ಮಸುಕಾಗಿದೆ ಎಂಬ ನೆಪ ನನಗಿಲ್ಲ.

ಕಾಲೇಜಿನಲ್ಲಿದ್ದಷ್ಟು ವರ್ಷವೂ ನಾನು ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ಗೊತ್ತಾಗುತ್ತಿತ್ತು. ಪಾನನಿರೋಧ ಬೇಕೆಂದು ಒಂದು ಶನಿವಾರ, ಬೇಡವೆಂದು ಮುಂದಿನ ಶನಿವಾರ ಮಾತಾಡಿ ಎರಡು ಸಲವೂ ಪಾರಿತೋಷಕ ತಂದಿದ್ದೇನೆ. ಇದರಿಂದಾಗಿ ನನಗೆ ಯಾರ ಮಾತಿನ ಮೇಲೂ ನಂಬಿಕೆ ಉಳಿಯಲಿಲ್ಲ, ನನ್ನದೊಂದನ್ನು ಬಿಟ್ಟು. ದೇವರು, ಜಾತಕ, ದಿನಪತ್ರಿಕೆಯ ಹವಾಮಾನ ವರದಿ ಯಾವುದನ್ನೂ ಪುರಾವೆ ಇಲ್ಲದೆ ಒಪ್ಪುತ್ತಿರಲಿಲ್ಲ.

ಗಣಿತದ ಎಂ.ಎಸ್ಸಿ. ಮುಗಿದ ಮೇಲೆ ಮೈಸೂರಿನ ಒಂದು ಕಚೇರಿಯ ಅಂಕಿಅಂಶ ವಿಭಾಗದಲ್ಲಿ ಸಹಾಯಕಿಯಾಗಿ ಸೇರಿದೆ. ವಿಭಾಗ ಎಂದರೆ ಎರಡು ಕೋಣೆ, ಮೂರು ಜನ, ಕಾರ್ಡಿಗೆ ತೂತು ಹಾಕುವ ಒಂದು ಪಂಚಿಂಗ್ ಮೆಷಿನ್ನು. ಒಳಗಿನ ಕೋಣೆಯಲ್ಲಿ ನಮ್ಮ ಸಾಹೇಬರು. ಹೊರಗಿನ ಕೋಣೆಯಲ್ಲಿ ನಾನು, ಮತ್ತು ಪಂಚ್ ಮಾಡುವ ಅಕ್ಕ. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವರು. ಅಜ್ಜನ ಕಾಲದಿಂದ ಇಲ್ಲೇ ಇರುವ ಕ್ಯಾಥೊಲಿಕ್ ಮನೆಯವರು. ಬೆಳಗಿನ ಪೂಜೆ ಮುಗಿಸಿಕೊಂಡು ಚರ್ಚಿನಿಂದ ಸೀದಾ ಆಫೀಸಿಗೆ ಬರುತ್ತಿದ್ದರು. ದೇವರಿದ್ದಾನೆ ಎಂಬುದಕ್ಕೆ ಏನು ಸಾಕ್ಷಿ ಎಂದು ಸೇರಿದ ಮೊದಲ ವಾರದಲ್ಲೇ ಅವರನ್ನು ಕೇಳಿದ್ದೆ. ಕಾಫಿ ಆರಿಹೋಗುತ್ತೆ, ಕುಡೀರಿ ಎಂದರು. ಆ ಚರ್ಚೆ ಅಲ್ಲಿಗೇ ನಿಂತಿತ್ತು.

ಕಂಪ್ಯೂಟರು ಮೈಸೂರಿನಲ್ಲಿರಲಿಲ್ಲ, ಬೆಂಗಳೂರಿನ ಒಂದು ಸಂಸ್ಥೆಯಲ್ಲಿತ್ತು. ನಾವು ಕಾರ್ಡುಗಳನ್ನು ಟ್ರಂಕಿನಲ್ಲಿ ತುಂಬಿ ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ರೈಲಿಗೆ ಜವಾನನ ಕೈಲಿ ಕಳಿಸುತ್ತಿದ್ದೆವು. ಹಿಂದಿನ ಸಲದ ಉತ್ತರವನ್ನು ಅವನು ಅದೇ ಟ್ರಂಕಿನಲ್ಲಿ ತರುತ್ತಿದ್ದ. ಆ ಯಂತ್ರವನ್ನು ನಮ್ಮಲ್ಲಿ ಅಕ್ಕ ಒಬ್ಬರೇ ನೋಡಿದ್ದವರು. ಹದಿನೈದು ದಿನ ಅಲ್ಲಿ ತರಬೇತಿಗೆ ಹೋಗಿದ್ದರು. ನಾನು ನೋಡಿರಲಿಲ್ಲ. ಎಲ್ಲದಕ್ಕೂ ಪುರಾವೆ ಕೇಳುವವಳು ಇದನ್ನು ಹೇಗೆ ಒಪ್ಪಿದೆ ಎಂದು ಅಮ್ಮ ಕೇಳಿದ್ದುಂಟು.

ನನಗೆ ಕೊಟ್ಟ ಕೆಲಸ ಇದು. ಸುತ್ತಮುತ್ತಲ ಹತ್ತೊಂಬತ್ತು ಊರುಗಳಲ್ಲಿ ಮಳೆ ಮಾಪಕಗಳಿವೆ. ಒಂದೊಂದಕ್ಕೂ ಒಬ್ಬ ವೀಕ್ಷಕರು. ಅವರು ಬರೆದು ಕಳಿಸಿದ ಹದಿನಾಲ್ಕು ವರ್ಷದ ಮಳೆಯನ್ನು ತಿಂಗಳುವಾರು ಕೂಡಿಸಿ ಪಟ್ಟಿ ಮಾಡಬೇಕು. ಅಕ್ಕ ಪ್ರತಿ ಊರಿಗೂ ಪ್ರತಿ ವರ್ಷಕ್ಕೂ ಎರಡು ಬಗೆಯ ಕಾರ್ಡು ಪಂಚ್ ಮಾಡಿದ್ದರು. ಮೊದಲನೆಯದರಲ್ಲಿ ಯಾವ ತಿಂಗಳಲ್ಲಿ ಎಷ್ಟು ದಿನ ಮಳೆ ಬಂತು ಎಂದು ಹನ್ನೆರಡು ಅಂಕಿ. ಅದರ ಹಿಂದಿನ ಕಾರ್ಡುಗಳಲ್ಲಿ ಆ ವರ್ಷದ ಮಳೆಗಳು ಒಂದರ ಹಿಂದೆ ಒಂದು, ಬಂದ ಕ್ರಮದಲ್ಲಿ, ಸೆಂಟಿನ ಲೆಕ್ಕದಲ್ಲಿ. ಸೆಂಟು ಎಂದರೆ ಅಂಗುಲದ ನೂರನೇ ಒಂದು ಪಾಲು. ಸರ್ಕಾರ ಮಿಲಿಮೀಟರಿಗೆ ಬಂದಿದ್ದರೂ ನಮ್ಮ ವೀಕ್ಷಕರು ಬಂದಿರಲಿಲ್ಲ.

ಪ್ರೋಗ್ರಾಮು ಬರೆದವಳು ನಾನು. ಫೋರ್ಟ್ರಾನ್ ಎಂಬ ಭಾಷೆ, ಅರ್ಧ ಇಂಗ್ಲಿಷು, ಅರ್ಧ ಬೀಜಗಣಿತ. ಯಂತ್ರಕ್ಕೆ ಅದು ಅರ್ಥವಾಗುವುದಿಲ್ಲ. ಕಂಪೈಲರ್ ಎಂಬ ಇನ್ನೊಂದು ಪ್ರೋಗ್ರಾಮು ನಾನು ಬರೆದದ್ದನ್ನೆಲ್ಲ ಮೊದಲು ಯಂತ್ರದ ಭಾಷೆಗೆ ಅನುವಾದಿಸುತ್ತದೆ. ಆಮೇಲೆ ಯಂತ್ರ ನಡೆಸುವುದು ಆ ಅನುವಾದವನ್ನು, ನನ್ನ ಬರಹವನ್ನಲ್ಲ. ಇಷ್ಟು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಕೇಳಿದ್ದರೆ ಹತ್ತಕ್ಕೆ ಹತ್ತು ಬರುವಷ್ಟು ಗೊತ್ತಿತ್ತು.

ಕೂಡಿಸುವ ಕೆಲಸಕ್ಕೆ ಡೂ ಲೂಪ್ ಎಂಬುದೊಂದಿದೆ. ಒಂದರಿಂದ ಎಷ್ಟರವರೆಗೆ ಎಂದು ಹೇಳಿಬಿಟ್ಟರೆ ಸಾಕು, ಒಳಗಿರುವ ಕೆಲಸವನ್ನು ಯಂತ್ರ ಅಷ್ಟು ಸಲ ಸುತ್ತಿ ಸುತ್ತಿ ಮಾಡುತ್ತದೆ. ಏಪ್ರಿಲಿನಲ್ಲಿ ಐದು ದಿನ ಮಳೆ ಬಂದಿದ್ದರೆ ಒಂದರಿಂದ ಐದರವರೆಗೆ. ಪ್ರತಿ ಸುತ್ತಿಗೂ ಸಾಲಿನ ಮುಂದಿರುವ ಒಂದು ಮಳೆಯನ್ನು ತೆಗೆದುಕೊಳ್ಳುವುದು, ತಿಂಗಳ ಮೊತ್ತಕ್ಕೆ ಸೇರಿಸುವುದು. ಒಂದು ದಿನವೂ ಬಾರದ ತಿಂಗಳಾದರೆ ಒಂದರಿಂದ ಸೊನ್ನೆಯವರೆಗೆ. ಒಂದರಿಂದ ಸೊನ್ನೆಯವರೆಗೆ ಎಷ್ಟು ಸುತ್ತು? ಒಂದೂ ಇಲ್ಲ. ಇದರಲ್ಲಿ ವಾದಕ್ಕೆ ಎಡೆಯೇ ಇಲ್ಲ ಎಂದು ನನ್ನ ಅಭಿಪ್ರಾಯವಾಗಿತ್ತು. ಕೈಪಿಡಿಯಲ್ಲಿ ಕೊನೆಯ ಸಂಖ್ಯೆ ಮೊದಲ ಸಂಖ್ಯೆಗಿಂತ ಕಡಿಮೆ ಇರಬಾರದು ಎಂದು ಒಂದು ಸಾಲಿತ್ತು. ದೊಡ್ಡವರು ಹೇಳುವ ಎಷ್ಟೋ ಇರಬಾರದುಗಳಲ್ಲಿ ಅದೂ ಒಂದು ಎಂದುಕೊಂಡು ಪುಟ ತಿರುವಿದ್ದೆ.

ಶುಕ್ರವಾರದ ಟ್ರಂಕಿನಲ್ಲಿ ಉತ್ತರ ಬಂತು. ಕಂಪೈಲರ್ ಒಂದು ತಪ್ಪನ್ನೂ ತೋರಿಸಿರಲಿಲ್ಲ. ಹದಿನೆಂಟು ಊರುಗಳ ಮಳೆ ಮಳೆಯ ಹಾಗೇ ಇತ್ತು. ಕಡಕೊಳದ್ದು ಮಾತ್ರ ಒಂದು ಥರ. ಅಕ್ಕಪಕ್ಕದ ಊರುಗಳೆಲ್ಲ ಒಣಗಿ ಕೂತಿರುವ ಜನವರಿಯಲ್ಲಿ ಅಲ್ಲಿ ಮೂವತ್ತನಾಲ್ಕು ಸೆಂಟು. ಫೆಬ್ರವರಿಯಲ್ಲಿ ಹನ್ನೆರಡು. ಮಾರ್ಚಿನಲ್ಲಿ ಅರವತ್ತೊಂದು. ಆಮೇಲಿನ ತಿಂಗಳುಗಳೂ ನೆರೆಯೂರುಗಳಿಗೆ ಹೊಂದುತ್ತಿರಲಿಲ್ಲ. ವಿಚಿತ್ರವೆಂದರೆ ವರ್ಷದ ಒಟ್ಟು ಮೊತ್ತ ಮಾತ್ರ ಸರಿಯಾಗಿ ಹೊಂದುತ್ತಿತ್ತು. ಇದು ಒಂದು ವರ್ಷದ ಕಥೆ. ಹದಿನಾಲ್ಕರಲ್ಲಿ ಹದಿಮೂರು ವರ್ಷ ಹೀಗೇ.

ಸೋಮವಾರ ಸಾಹೇಬರ ಮುಂದೆ ನಿಂತು ವಾದ ಹೂಡಿದೆ. ಪ್ರೋಗ್ರಾಮು ಒಂದೇ, ಯಂತ್ರ ಒಂದೇ, ಪಂಚ್ ಮಾಡಿದವರು ಒಬ್ಬರೇ. ಹದಿನೆಂಟು ಊರು ಸರಿ, ಒಂದು ಊರು ತಪ್ಪು. ಹಾಗಾದರೆ ದೋಷ ಹದಿನೆಂಟಕ್ಕೂ ಸಾಮಾನ್ಯವಾದದ್ದರಲ್ಲಿ ಇರಲಾರದು, ಆ ಒಂದರಲ್ಲೇ ಇರಬೇಕು. ವರ್ಷದ ಮೊತ್ತ ಸರಿಯಿದ್ದು ತಿಂಗಳುಗಳು ತಪ್ಪಿರುವುದು ಏನನ್ನು ತೋರಿಸುತ್ತದೆ? ವೀಕ್ಷಕರು ದಿನದಿನ ಅಳೆಯುವುದಿಲ್ಲ. ವರ್ಷದ ಕೊನೆಗೆ ಯಾರಿಂದಲೋ ಮೊತ್ತ ಕೇಳಿ ತಿಳಿದು, ಮನಸ್ಸಿಗೆ ಬಂದ ಹಾಗೆ ತಿಂಗಳುಗಳಿಗೆ ಹಂಚುತ್ತಾರೆ. ಸಾಹೇಬರು ಪೆನ್ನಿನ ಟೋಪಿ ಹಾಕುತ್ತ ತೆಗೆಯುತ್ತ ಕೇಳಿದರು. ಕೊನೆಗೆ, ಬಹಳ ಕರಾರುವಾಕ್ಕಾಗಿದೆ ಎಂದರು.

ವೀಕ್ಷಕರು ಕಳಿಸಿದ್ದ ಮೂಲ ಹಾಳೆಗಳು ಪಂಚ್ ಆದ ಮೇಲೆ ಗೋಣಿಚೀಲ ಸೇರಿ ರೆಕಾರ್ಡ್ ರೂಮಿಗೆ ಹೋಗಿದ್ದವು. ಅರ್ಜಿ ಬರೆದರೆ ತೆಗೆಸಿ ನೋಡಬಹುದಿತ್ತು. ತೆಗೆಸಲಿಲ್ಲ. ವಾದ ಅಷ್ಟು ಚೆನ್ನಾಗಿತ್ತು.

ಸಾಹೇಬರು ಅಂದೇ ಪತ್ರದ ಕರಡು ಮಾಡಿದರು. ಕಡಕೊಳದ ಹದಿನಾಲ್ಕು ವರ್ಷದ ದಾಖಲೆಯನ್ನು ಪಟ್ಟಿಯಿಂದ ಕೈಬಿಡುವುದು, ಮಾಪಕವನ್ನು ಕಿತ್ತು ಬೇರೆ ಊರಿಗೆ ಸಾಗಿಸುವುದು, ವೀಕ್ಷಕರನ್ನು ಬಿಡುಗಡೆ ಮಾಡುವುದು. ಆದರೆ ಸಮಜಾಯಿಷಿ ಕೇಳದೆ ಯಾರನ್ನೂ ತೆಗೆಯುವ ಹಾಗಿಲ್ಲ ಎಂಬುದು ಕಚೇರಿಯ ನಿಯಮ. ನೀವೇ ಹೋಗಿ ಬರೆಸಿಕೊಂಡು ಬನ್ನಿ, ಬಂದ ಮೇಲೆ ರುಜು ಹಾಕುತ್ತೇನೆ ಎಂದರು.

ಬುಧವಾರ ಬೆಳಿಗ್ಗೆ ನಂಜನಗೂಡಿನ ಕಡೆಯ ರೈಲು ಹತ್ತಿ ಕಡಕೊಳದಲ್ಲಿ ಇಳಿದೆ. ಮಾಪಕ ಶಾಲೆಯ ಅಂಗಳದಲ್ಲಿ, ಮುಳ್ಳುತಂತಿಯ ಬೇಲಿಯೊಳಗೆ ಇತ್ತು. ಶಾಲೆಗೆ ಅಂಟಿಕೊಂಡಂತೆ ಮೇಷ್ಟರ ಮನೆ. ನಾನು ಹೋದಾಗ ಎಂಟೂವರೆ. ತಲೆಗೆ ಟವೆಲು ಸುತ್ತಿದ ಎತ್ತರದ ಮುದುಕರೊಬ್ಬರು ಬೇಲಿಯೊಳಗೆ ಬಗ್ಗಿ ಮಾಪಕದ ಮುಚ್ಚಳ ತೆಗೆದು, ಒಳಗಿನ ಸೀಸೆಯನ್ನು ಅಳತೆಯ ಗಾಜಿಗೆ ಬಗ್ಗಿಸುತ್ತಿದ್ದರು. ಏನೂ ಬೀಳಲಿಲ್ಲ. ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಹಿಂದಿನ ದಿನವೂ ಇರಲಿಲ್ಲ.

ಮಳೆ ಬಾರದಿದ್ದರೂ ತೆಗೆದು ನೋಡುತ್ತೀರಾ ಎಂದು ಕೇಳಿದೆ. ಮಾತಿನಲ್ಲಿ ಸ್ವಲ್ಪ ಚುಚ್ಚು ಇತ್ತು.

“ನೋಡ್ದೆ ಎಂಗವ್ವ ಇಲ್ಲ ಅಂತ ಬರಿಯೋದು?” ಎಂದರು.

ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಒಳಗಿನಿಂದ ಅವರ ಹೆಂಡತಿ ಮಜ್ಜಿಗೆ ತಂದಿಟ್ಟು, ಹುಡುಗಿ ಯಾರ ಪೈಕಿ ಎಂದು ಗಂಡನನ್ನು ಕೇಳಿ, ಆಫೀಸಿನ ಪೈಕಿ ಎಂಬ ಉತ್ತರ ಪಡೆದು ಹೋದರು. ನಾನು ಪಟ್ಟಿ ಬಿಚ್ಚಿದೆ. ಜನವರಿಯ ಮೂವತ್ತನಾಲ್ಕು ಸೆಂಟನ್ನು ತೋರಿಸಿ, ಇದನ್ನು ಬರೆದವರು ಯಾರು ಎಂದು ಕೇಳಿದೆ.

“ಅದನ್ನ ನೀವೇ ಏಳ್ಬೇಕು ಕಣವ್ವ. ಕಾಗ್ದ ತಂದಿರೋರು ನೀವು.”

ಮೇಷ್ಟರು ಒಳಗೆ ಹೋಗಿ ರಿಜಿಸ್ಟರು ತಂದರು. ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಪುಸ್ತಕ. ಜನವರಿಯ ಪುಟದಲ್ಲಿ ಮೂವತ್ತೊಂದು ಸಾಲು, ಮೂವತ್ತೊಂದರಲ್ಲೂ ‘ಇಲ್ಲ’ ಎಂದು ಬಿಡಿಬಿಡಿಯಾಗಿ ಬರೆದಿತ್ತು. ಮೇಲಿನಂತೆ ಎಂದು ಗೀಟು ಎಳೆಯಬಹುದಿತ್ತಲ್ಲ ಎಂದೆ. ಮಕ್ಕಳು ಗೀಟು ಎಳೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ನಾನು ಹೇಗೆ ಎಳೆಯಲಿ ಎಂದರು. ತಿಂಗಳ ಕೊನೆಗೆ: ಮಳೆ ದಿನ, ಸೊನ್ನೆ.

ಈ ಪುಸ್ತಕವನ್ನು ನೀವು ನೆನ್ನೆ ರಾತ್ರಿ ಕೂತು ಬರೆದಿರಬಹುದಲ್ಲ ಎಂದು ನಾನು ಕೇಳಿದೆ. ಕೇಳಿದೆ ಎಂದು ಬರೆಯಲು ಈಗ ಸಂಕೋಚವಾಗುತ್ತದೆ, ಆಗ ಆಗಲಿಲ್ಲ. ಮೇಷ್ಟರು ಕೋಪಿಸಿಕೊಳ್ಳಲಿಲ್ಲ. ಮಾರ್ಚಿನ ಪುಟದ ಕೆಳಗೆ ರೆವಿನ್ಯೂ ಇನ್‌ಸ್ಪೆಕ್ಟರ ಸಹಿ, ಮೊಹರು, ತಾರೀಖು ತೋರಿಸಿದರು. ಮೂರು ತಿಂಗಳಿಗೊಮ್ಮೆ ಅವರು ಬಂದು ತಪಾಸಣೆ ಮಾಡಿ ಹಾಕಿದ್ದು. ಹದಿನಾಲ್ಕು ವರ್ಷಕ್ಕೂ ಇತ್ತು.

ನಾನು ಪಟ್ಟಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದೆ. ಅವರು ಕನ್ನಡಕ ಏರಿಸಿ ಬೆರಳಿಟ್ಟು ಓದತೊಡಗಿದರು. ಮೂವತ್ತನಾಲ್ಕರ ಮೇಲೆ ಬೆರಳು ನಿಂತಿತು.

“ಇದು ರೇವತಿ ಮಳೆ ಅಲ್ವೇನೇ?” ಎಂದು ಒಳಗೆ ಕೂಗಿ, ಏಪ್ರಿಲಿನ ಪುಟ ತೆಗೆದರು. “ನೋಡಿ, ಏಪ್ರಿಲ್ ಒಂಬತ್ತು, ಮೂವತ್ನಾಲ್ಕು. ಇವ್ಳು ಸ್ಕೂಲಿನ ತಾರಸಿ ಮೇಲೆ ಅಪ್ಳ ಒಣಗಾಕಿದ್ಲು, ಎಲ್ಲ ನೆಂದೋಯ್ತು. ಫೆಬ್ರವರಿ ಅಂತ ಬರ್ದಿದೀರಲ್ಲ, ಅನ್ನೆರಡು, ಇದು ಅಶ್ವಿನಿ. ಅರವತ್ತೊಂದೂ ಅಶ್ವಿನೀನೇ. ನನ್ನ ಮಳೆ ನನ್ಗೆ ಗೊತ್ತಾಗಲ್ವಾ? ಯಾರೋ ಎತ್ಕೊಂಡೋಗಿ ಬ್ಯಾರೆ ತಿಂಗಳಲ್ಲಿ ಮಡಗವ್ರೆ ಕಣವ್ವ.”

ಒಳಗಿನಿಂದ, ಎರಡು ಸೇರು ಉದ್ದಿನ ಹಪ್ಪಳ ಎಂದು ದನಿ ಬಂತು.

ನಾನು ರಿಜಿಸ್ಟರನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಮೇಷ್ಟರು ಹೇಳಿದ್ದು ಸರಿ. ಅಂಕಿಗಳೆಲ್ಲ ಅವರವೇ, ಕ್ರಮವೂ ಅವರದೇ, ಮೂರು ಸ್ಥಾನ ಮೇಲಕ್ಕೆ ಸರಿದಿದ್ದವು. ಬೇರೆ ವೀಕ್ಷಕರಿಗೆ ಹೀಗೆ ಆಗಿಲ್ಲವಲ್ಲ ಎಂದು ಗೊಣಗಿದೆ. ಅವರೆಲ್ಲ ಹೇಳಿದ ಮಾತು ಕೇಳುತ್ತಾರೆ ಎಂದರು. ಖಾಲಿ ಫಾರಂ ಕಳಿಸಿದರೆ ತಾಲ್ಲೂಕು ಕಚೇರಿಯವರು ಆಕ್ಷೇಪಣೆ ಬರೆದು ವಾಪಸು ಕಳಿಸುತ್ತಾರಂತೆ. ಮಳೆ ದಿನ ಒಂದು ಎಂದು ಹಾಕಿ ಮುಂದೆ ಸೊನ್ನೆ ಬರೆದುಬಿಡಿ, ಫಾರಂ ತುಂಬಿದ ಹಾಗಿರುತ್ತೆ ಎಂದು ಅವರೇ ಹೇಳಿಕೊಟ್ಟಿದ್ದಾರಂತೆ. ಬಾರದ ಮಳೆಗೆ ದಿನ ಹಾಕುವುದು ಹೇಗೆಂದು ಇವರೊಬ್ಬರು ಹಟ ಹಿಡಿದಿದ್ದಾರೆ. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಸಮಜಾಯಿಷಿ ಬರೆದುಕೊಡಲು ಅವರು ಒಪ್ಪಲಿಲ್ಲ. ತಾನು ಮಾಡಿದ್ದೇನೆಂದು ಮೊದಲು ಯಾರಾದರೂ ಹೇಳಲಿ, ಆಮೇಲೆ ಬರೆಯುವ ಮಾತು ಎಂದರು. ನಾನು ಹೊರಡುವಾಗ ಬೇಲಿಯವರೆಗೆ ಬಂದು, ಮಾಪಕದ ಕಡೆ ನೋಡದೆ ಕೇಳಿದರು:

“ಇದನ್ನ ಕಿತ್ಕೊಂಡೋಗ್ತೀರಾ?”

ಹೌದು ಎನ್ನಲೂ ಆಗಲಿಲ್ಲ, ಇಲ್ಲ ಎನ್ನಲೂ ಆಗಲಿಲ್ಲ. ಎರಡೂ ಕಡೆ ಮಾತಾಡಿ ಬಹುಮಾನ ಪಡೆದವಳಿಗೆ ಇದು ಹೊಸದು.

“ಮಗಳ ಮದ್ವೆ ದಿನಾನೂ ಎಂಟೂವರೆಗೆ ಬಂದು ನೋಡ್ಬುಟ್ಟೇ ಧಾರೆಗೆ ಕೂತದ್ದು,” ಎಂದರು. ಹೆಮ್ಮೆಯಿಂದಲ್ಲ, ರಿಜಿಸ್ಟರಿನಲ್ಲಿ ಇನ್ನೊಂದು ಸಾಲು ಓದಿದ ಹಾಗೆ.

ರೈಲಿನಲ್ಲಿ ವಾದವನ್ನು ಹೊಸದಾಗಿ ಕಟ್ಟಿದೆ. ಮೇಷ್ಟರು ನಿರಪರಾಧಿ. ಪ್ರೋಗ್ರಾಮು ಹದಿನೆಂಟು ಊರುಗಳಿಗೆ ಸರಿಯಾಗಿದೆ. ಉಳಿದವರು ಅಕ್ಕ. ಕಚೇರಿಗೆ ಬಂದವಳೇ ಅವರ ಮೇಜಿನ ಮುಂದೆ ನಿಂತೆ. ಅಕ್ಕ ನನ್ನ ಆರೋಪ ಪೂರ್ತಿ ಕೇಳಿ, ಕಪಾಟಿನಿಂದ ಕಡಕೊಳದ ಕಾರ್ಡುಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ನಾನು ಮೇಷ್ಟರ ರಿಜಿಸ್ಟರಿನಿಂದ ಬರೆದುಕೊಂಡು ಬಂದಿದ್ದ ಅಂಕಿಗಳ ಜೊತೆ ಒಂದೊಂದು ತೂತನ್ನೂ ತಾಳೆ ನೋಡಿದೆವು. ಒಂದೂ ತಪ್ಪಿರಲಿಲ್ಲ. ಮಳೆ ದಿನಗಳ ಕಾರ್ಡಿನಲ್ಲಿ ಮೊದಲ ಮೂರು ಅಂಕಿ ಸೊನ್ನೆ, ಸೊನ್ನೆ, ಸೊನ್ನೆ.

“ಇವರೊಬ್ಬರದು ಯಾವಾಗ್ಲೂ ಹೀಗೇ ಕಣ್ರೀ,” ಎಂದರು ಅಕ್ಕ. “ಬೇರೆಯವರದ್ರಲ್ಲಿ ಎಷ್ಟು ಒಣಗಿದ ತಿಂಗಳಾದ್ರೂ ಒಂದು ಅಂತ ಇರತ್ತೆ, ಮಳೆ ಸೊನ್ನೆ ಅಂತ ಇರತ್ತೆ. ಬರೀ ಸೊನ್ನೆ ಪಂಚ್ ಮಾಡೋದು ಕಡಕೊಳಕ್ಕೇ.”

ಬೆಳಿಗ್ಗೆ ಕಿವಿಯಲ್ಲೇ ನಿಂತಿದ್ದ ಮಾತು ಆಗ ಒಳಗೆ ಇಳಿಯಿತು. ಮೂರು ಸೊನ್ನೆ, ಸರಿದದ್ದು ಮೂರು ಸ್ಥಾನ. ಜನವರಿ ಒಂದು ಮಳೆ ತೆಗೆದುಕೊಂಡಿದೆ, ಫೆಬ್ರವರಿ ಒಂದು, ಮಾರ್ಚ್ ಒಂದು. ಎರಡಲ್ಲ, ಮೂರಲ್ಲ, ತಪ್ಪದೆ ಒಂದೊಂದು.

ಆದರೂ ಒಪ್ಪಲಿಲ್ಲ. ಕೈಯಾರೆ ನಡೆಸಿ ನೋಡೋಣ ಎಂದೆ. ಹಾಳಾದ ಕಾರ್ಡುಗಳ ಹಿಂಬದಿಗೆ ಆ ವರ್ಷದ ಮಳೆಗಳನ್ನು ಒಂದೊಂದಾಗಿ ಬರೆದು ಕಟ್ಟು ಮಾಡಿದೆ. ಅಕ್ಕ ಯಂತ್ರ, ನಾನು ಪ್ರೋಗ್ರಾಮು. ನಾನು ಸಾಲು ಓದಬೇಕು, ಅವರು ಹೇಳಿದಷ್ಟು ಮಾಡಬೇಕು. ಜನವರಿ, ಒಂದರಿಂದ ಸೊನ್ನೆಯವರೆಗೆ, ಸಾಲಿನ ಮುಂದಿನ ಮಳೆ ತೆಗೆದುಕೊಂಡು ಸೇರಿಸು ಎಂದು ಓದಿದೆ. ಅಕ್ಕ ಮೇಲಿನ ಕಾರ್ಡು ತೆಗೆದು ಜನವರಿಯ ಜಾಗದಲ್ಲಿಟ್ಟರು. ಮೂವತ್ತನಾಲ್ಕು.

“ಯಾಕೆ ತಗೊಂಡ್ರಿ? ಸೊನ್ನೆ ಅಂದೆನಲ್ಲ.”

“ಮಾಡು ಅಂದ್ರಿ, ಮಾಡ್ದೆ. ಸಾಕಾ ಇನ್ನೂ ಬೇಕಾ ಅಂತ ಕೇಳೋದು ಮಾಡಿದ ಮೇಲೆ ತಾನೆ?”

“ಯಾರು ಹೇಳಿದ್ದು?”

ಅಕ್ಕ ಮೇಜಿನ ಸೆಳೆಖಾನೆ ಎಳೆದು, ತಿಂಡಿ ಡಬ್ಬಿಯ ಕೆಳಗಿದ್ದ ಸೈಕ್ಲೋಸ್ಟೈಲ್ ಹಾಳೆಗಳನ್ನು ತೆಗೆದರು. ಬೆಂಗಳೂರಿನ ತರಬೇತಿಯಲ್ಲಿ ಕೊಟ್ಟದ್ದು. ಡೂ ಲೂಪನ್ನು ಕಂಪೈಲರ್ ಹೇಗೆ ಅನುವಾದಿಸುತ್ತದೆ ಎಂಬುದಕ್ಕೆ ಒಂದು ಚಿತ್ರವಿತ್ತು. ಮೇಲೆ ಒಂದು ಚೌಕ, ಅದರೊಳಗೆ ಕೆಲಸ. ಕೆಲಸದ ಕೆಳಗೆ ಎಣಿಕೆಗೆ ಒಂದು ಸೇರಿಸು. ಅದರ ಕೆಳಗೆ ಪ್ರಶ್ನೆ: ಮಿತಿ ದಾಟಿತೇ? ದಾಟದಿದ್ದರೆ ಬಾಣ ಮತ್ತೆ ಮೇಲಕ್ಕೆ, ದಾಟಿದ್ದರೆ ಹೊರಕ್ಕೆ. ಒಳಗೆ ಬರುವ ದಾರಿಯಲ್ಲಿ ಯಾರೂ ಏನೂ ಕೇಳುವುದಿಲ್ಲ. ನಾನು ಬರೆದ ಸಾಲಿನಲ್ಲಿ ‘ಒಂದರಿಂದ ಸೊನ್ನೆಯವರೆಗೆ’ ಎಂಬುದು ಎಲ್ಲಕ್ಕಿಂತ ಮೇಲಿತ್ತು. ಅನುವಾದದಲ್ಲಿ ಅದು ಎಲ್ಲಕ್ಕಿಂತ ಕೆಳಗೆ ಹೋಗಿತ್ತು. ಮೇಲೆ ಬರೆದದ್ದನ್ನು ಮೊದಲು ನೋಡುತ್ತಾರೆ ಎಂಬುದು ನನ್ನ ನಂಬಿಕೆ. ಅದಕ್ಕೆ ನಾನು ಪುರಾವೆ ಕೇಳಿರಲಿಲ್ಲ.

“ಜಪಸರದ ಹಾಗೆ,” ಎಂದರು ಅಕ್ಕ. “ಪ್ರಾರ್ಥನೆ ಹೇಳಿ ಆಮೇಲೆ ಮಣಿ ಸರಿಸೋದು. ಮಣಿ ಇದೆಯಾ ಅಂತ ನೋಡ್ಕೊಂಡು ಯಾರೂ ಶುರು ಮಾಡಲ್ಲ.”

ಹಾಗಾದರೆ ಹದಿನೆಂಟು ಊರುಗಳು ಪಾರಾದದ್ದು ಹೇಗೆಂದು ಕೇಳುವ ಅಗತ್ಯವಿರಲಿಲ್ಲ. ಅವರ ಒಣ ತಿಂಗಳುಗಳಲ್ಲಿ ಸೊನ್ನೆ ಸೆಂಟಿನ ಒಂದು ಸುಳ್ಳು ಮಳೆ ಇತ್ತು. ಲೂಪು ಒಂದು ಸಲ ಸುತ್ತಿತು, ಆ ಸುಳ್ಳನ್ನು ನುಂಗಿತು, ಹೊರಗೆ ಬಂತು. ಮೇಷ್ಟರ ಜನವರಿಯಲ್ಲಿ ನುಂಗಲು ಏನೂ ಇರಲಿಲ್ಲವಾಗಿ ಏಪ್ರಿಲಿಗೆ ಕೈ ಹಾಕಿತು. ವರ್ಷದ ಕೊನೆಯಲ್ಲಿ ಮಳೆ ಮುಗಿದ ಮೇಲೆ ಉಳಿದ ಸ್ಥಾನಗಳಿಗೆಲ್ಲ ನಾನೇ ಮುತುವರ್ಜಿಯಿಂದ ಸೊನ್ನೆ ತುಂಬಿಸಿದ್ದೆ. ಹಾಗಾಗಿ ಮೊತ್ತ ಕೆಡಲಿಲ್ಲ, ಮೇಷ್ಟರ ಮೇಲಿನ ಆರೋಪ ಗಟ್ಟಿಯಾಯಿತು. ಅಪರೂಪಕ್ಕೆ ಎಲ್ಲ ತಿಂಗಳಲ್ಲೂ ಮಳೆ ಬಂದಿದ್ದ, ಉಳಿದ ಆ ಒಂದು ವರ್ಷ ಸರಿಯಾಗಿ ಬಂದದ್ದೂ ಇದಕ್ಕೇ. ಅದೊಂದು ವರ್ಷ ಅವರು ನಿಜ ಹೇಳಿದ್ದಾರೆ ಎಂದು ನಾನು ಸೋಮವಾರ ಔದಾರ್ಯದಿಂದ ಒಪ್ಪಿಕೊಂಡಿದ್ದೆ.

ಆದರೆ ಚಿತ್ರ ಚಿತ್ರವೇ, ಸಾಕ್ಷಿಯಲ್ಲ. ಆರು ಕಾರ್ಡಿನ ಒಂದು ಪುಟ್ಟ ಪ್ರೋಗ್ರಾಮು ಬರೆದೆ: ಎಷ್ಟು ಸಲ ಸುತ್ತಿದೆ ಎಂದು ಎಣಿಸು, ಮಿತಿ ಸೊನ್ನೆ, ಎಣಿಸಿದ್ದನ್ನು ಅಚ್ಚು ಹಾಕು. ಅಕ್ಕ ಪಂಚ್ ಮಾಡಿದರು. ಅದು ಶುಕ್ರವಾರದ ಟ್ರಂಕಿಗೆ ಹೋಯಿತು. ಸಮಜಾಯಿಷಿ ಎಲ್ಲಿ ಎಂದು ಸಾಹೇಬರು ಕೇಳಿದಾಗ, ಮಂಗಳವಾರ ಬರುತ್ತದೆ ಎಂದೆ. ಯಾರದು ಎಂದು ಹೇಳಲಿಲ್ಲ.

ಮಂಗಳವಾರ ಸಂಜೆ ಜವಾನ ಟ್ರಂಕಿನಿಂದ ಒಂದೇ ಹಾಳೆ ತೆಗೆದು ಕೊಟ್ಟ. ಅಷ್ಟಗಲದ ಹಾಳೆಯಲ್ಲಿ ಒಂದೇ ಒಂದು ಅಂಕಿ ಇತ್ತು: 1. ಇಷ್ಟಕ್ಕೆ ಬೆಂಗಳೂರಿಗೆ ಕಳಿಸಿದಿರಾ ಎಂದು ಅವನು ಕೇಳಿದ.

ಆ ಹಾಳೆ ಹಿಡಿದು ಒಳಗೆ ಹೋಗಿ, ತಪ್ಪು ನನ್ನದು ಎಂದೆ. ಸಾಹೇಬರು ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು. ಆಮೇಲೆ ಅವರಿಗೊಂದು ಉಪಾಯ ಹೊಳೆಯಿತು. ಹದಿನೆಂಟು ಜನರಂತೆ ಮೇಷ್ಟರೂ ಒಂದು ದಿನ ಹಾಕಿ ಸೊನ್ನೆ ಬರೆದರೆ ಆಯಿತಲ್ಲ. ಹಳೆಯದನ್ನೂ ಹಾಗೇ ತಿದ್ದಿ ಕೊಡಲಿ, ಪ್ರೋಗ್ರಾಮು ಮುಟ್ಟುವುದು ಬೇಡ.

“ಒಂದು ಸೊನ್ನೆಯಿಂದ ಯಾರಿಗಮ್ಮ ನಷ್ಟ?”

ನನ್ನ ಕೈಗೆ ಚೀಟಿ ಯಾರೂ ಕೊಟ್ಟಿರಲಿಲ್ಲ. ಆದರೂ ಮಾತಾಡಿದೆ. ಹಾಗೆ ಬರೆದರೆ ಮಳೆ ದಿನಗಳ ಎಣಿಕೆಯಲ್ಲಿ ಬಾರದ ಮಳೆಯ ದಿನವೂ ಸೇರುತ್ತದೆ ಎಂದೆ. ಹದಿನೆಂಟು ಕಡೆ ಸೇರಿದೆಯಲ್ಲ ಎಂದರು. ಹಾಗಾದರೆ ಹದಿನೆಂಟು ಕಡೆಯ ಮಳೆ ದಿನಗಳ ಎಣಿಕೆ ತಪ್ಪು, ಸರಿಯಾಗಿರುವುದು ನಾವು ಕಿತ್ತುಹಾಕಲು ಹೊರಟಿರುವ ಒಂದೇ ಊರಿನದು ಎಂದೆ. ಸಾಹೇಬರು ಪೆನ್ನಿನ ಟೋಪಿ ಹಾಕಿದರು, ಮತ್ತೆ ತೆಗೆಯಲಿಲ್ಲ. ಸೋಮವಾರದ ಕರಡನ್ನು ಫೈಲಿನಿಂದ ಎಳೆದು ಎರಡಾಗಿ ಹರಿದು ಬುಟ್ಟಿಗೆ ಹಾಕಿದರು.

“ಹದಿನೆಂಟರ ವಿಷಯ ಸದ್ಯಕ್ಕೆ ಹೊರಗೆ ಎಲ್ಲೂ ಮಾತಾಡ್ಬೇಡಿ,” ಎಂದರು.

ತಿದ್ದಿದ್ದು ಒಂದು ಕಾರ್ಡು. ಲೂಪಿನ ಮೇಲೆ, ಒಳಗೆ ಹೋಗುವ ಮೊದಲು: ಮಳೆ ದಿನ ಸೊನ್ನೆಯಾದರೆ ಲೂಪನ್ನು ದಾಟಿ ಮುಂದೆ ಹೋಗು. ನೋಡಿ ಆಮೇಲೆ ಮಾಡು ಎಂಬುದನ್ನು ಯಂತ್ರಕ್ಕೆ ಬಾಯಿಬಿಟ್ಟು ಹೇಳಬೇಕಾಗಿತ್ತು. ಕಡಕೊಳದ ಮೇಷ್ಟರಿಗೆ ಯಾರೂ ಹೇಳಿರಲಿಲ್ಲ.

ಹೊಸ ಪಟ್ಟಿ ಬಂದ ಮಾರನೆಯ ದಿನ ಮತ್ತೆ ಕಡಕೊಳಕ್ಕೆ ಹೋದೆ. ಮಾಪಕ ಇಲ್ಲೇ ಇರುತ್ತದೆ, ನೀವೂ ಇರುತ್ತೀರಿ, ಹದಿನಾಲ್ಕು ವರ್ಷವೂ ಪಟ್ಟಿಯಲ್ಲಿ ಇರುತ್ತದೆ ಎಂದು ಹೇಳಿದೆ. ಖುಷಿಪಡುತ್ತಾರೆಂದು ಕಾದೆ. ಅವರು ಒಂದು ಅಡಿಪಟ್ಟಿ ತರಿಸಿ, ನನ್ನ ಪಟ್ಟಿಯ ಮೊದಲ ಸಾಲಿನ ಕೆಳಗೆ ಇಟ್ಟು ರಿಜಿಸ್ಟರು ಬಿಡಿಸಿದರು. ಹದಿನಾಲ್ಕು ವರ್ಷ, ನೂರ ಅರವತ್ತೆಂಟು ತಿಂಗಳು. ನಾನು ಎರಡು ಲೋಟ ಮಜ್ಜಿಗೆ ಕುಡಿದು, ಅವರ ಹೆಂಡತಿಗೆ ನನ್ನ ಪೈಕಿಯವರನ್ನೆಲ್ಲ ವಿವರಿಸಿ ಮುಗಿಸಿದರೂ ಅವರು ಒಂಬತ್ತನೆಯ ವರ್ಷದಲ್ಲಿದ್ದರು.

ಹನ್ನೊಂದನೆಯ ವರ್ಷದ ಅಕ್ಟೋಬರಿನಲ್ಲಿ ಅಡಿಪಟ್ಟಿ ನಿಂತಿತು. ಯಂತ್ರದ ಮೊತ್ತ ಆರು ಅಂಗುಲ ಹದಿನೆಂಟು ಸೆಂಟು. ಮೇಷ್ಟರದು ಆರು ಅಂಗುಲ ಇಪ್ಪತ್ತೊಂದು.

ಇನ್ನೊಂದು ಲೂಪು, ಇನ್ನೊಂದು ಕಾರ್ಡು ಎಂದುಕೊಂಡೆ. ಮೇಷ್ಟರು ಆ ತಿಂಗಳ ಮಳೆಗಳನ್ನು ಗಟ್ಟಿಯಾಗಿ ಓದುತ್ತ ಕೂಡಿಸಿದರು, ನಾನೂ ಕೂಡಿಸಿದೆ. ಮೇಲಿಂದ ಕೆಳಕ್ಕೆ ಒಮ್ಮೆ, ಕೆಳಗಿಂದ ಮೇಲಕ್ಕೆ ಒಮ್ಮೆ. ಹದಿನೆಂಟೇ ಬಂತು. ಮೇಷ್ಟರು ಕೆಂಪು ಶಾಯಿಯಲ್ಲಿ ಇಪ್ಪತ್ತೊಂದನ್ನು ಒಂದೇ ಗೆರೆಯಿಂದ ಹೊಡೆದು, ಪಕ್ಕದಲ್ಲಿ ಹದಿನೆಂಟು ಎಂದು ಬರೆದು, ಸಹಿ ಮಾಡಿ ತಾರೀಖು ಹಾಕಿದರು.

“ಸಮಜಾಯಿಷಿ ಬರ್ಕೊಡ್ತೀನಿ,” ಎಂದರು.

ಇಷ್ಟಕ್ಕೆಲ್ಲ ಬೇಡ, ಯಾರೂ ಕೇಳಿಲ್ಲ ಎಂದೆ.

“ತಪ್ಪು ನಂದು ಕಣವ್ವ. ಕೇಳ್ದಿದ್ರೇನು?”

ಒಂದು ಹಾಳೆಯಲ್ಲಿ ಎರಡು ಸಾಲು ಬರೆದು ಮಡಿಸಿ ನನ್ನ ಕೈಗೆ ಕೊಟ್ಟರು. ಆಮೇಲೆ ಇನ್ನೊಂದು ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದೆ ಇಟ್ಟರು.

ನಾನು ಬರೆದದ್ದು ಹನ್ನೊಂದು ಸಾಲು ಬಂತು. ಕಂಪೈಲರಿನ ಸ್ವಭಾವ, ಕೈಪಿಡಿಯ ಅಸ್ಪಷ್ಟತೆ, ತಾಲ್ಲೂಕು ಕಚೇರಿಯ ಪದ್ಧತಿ ಎಲ್ಲವೂ ಅದರಲ್ಲಿ ಸೇರಿತ್ತು. ಮೇಷ್ಟರು ಎರಡು ಸಲ ಓದಿ, ಕೆಂಪು ಪೆನ್ನು ತೆಗೆದುಕೊಂಡು ಎಂಟು ಸಾಲು ಹೊಡೆದು ಹಾಕಿದರು. ಉಳಿದದ್ದು ಇಷ್ಟು: ಮಳೆ ಇಲ್ಲದ ತಿಂಗಳಲ್ಲೂ ನನ್ನ ಲೆಕ್ಕ ಒಂದು ಸಲ ಸುತ್ತಿತು. ನಾನು ನೋಡಿರಲಿಲ್ಲ. ತಪ್ಪು ನನ್ನದು.

ಅದನ್ನು ಜನವರಿಯ ಪುಟಕ್ಕೆ ಗೋಂದು ಹಾಕಿ ಅಂಟಿಸಿ, ಒಣಗಲೆಂದು ರಿಜಿಸ್ಟರನ್ನು ಬಿಸಿಲಿಗೆ ಇಟ್ಟರು.